ಕುದುರೆ ತಾನಾಗಿ ಜಾತ್ರೆಗೆ ಹೋಗುವುದಿಲ್ಲ

ಬೆಂಗಳೂರಿನ ಡಿ.ಜೆ. ಹಳ್ಳಿಯ ಒಂದು ಕುದುರೆಗೆ ಗ್ಲ್ಯಾಂಡರ್ಸ್ ತಗುಲಿರುವುದು 2024ರ ಜುಲೈನಲ್ಲಿ ಖಚಿತವಾದಾಗ, ಸರ್ಕಾರ ಆ ಜಾಗದ ಸುತ್ತಲಿನ 5 ಕಿ.ಮೀ. ಪ್ರದೇಶವನ್ನು ರೋಗಪೀಡಿತ ವಲಯವೆಂದೂ ಅದರಾಚೆ 25 ಕಿ.ಮೀ.ವರೆಗೆ ನಿಗಾ ವಲಯವೆಂದೂ ಸಾರಿ, ಕುದುರೆಗಳ ಓಡಾಟಕ್ಕೆ ಕಡಿವಾಣ ಹಾಕಿತು. ಕುರುಬರಹಳ್ಳಿಯಿಂದ ಕೆಂಗೇರಿವರೆಗಿನ ಪಶ್ಚಿಮ ಬೆಂಗಳೂರೂ ಆ ಎರಡನೆಯ ಸುತ್ತಿನೊಳಗೇ ಬರುತ್ತದೆ. ಒಂದು ಪ್ರಾಣಿಯ ಕಾಯಿಲೆಗೆ ಮದುವೆಯ ಮೆರವಣಿಗೆ, ದೇವರ ಉತ್ಸವ, ರೇಸು ಎಲ್ಲವೂ ಏಕೆ ಕಾಯಬೇಕು ಎಂದು ಯಾರಾದರೂ ಕೇಳಿದರೆ, ಉತ್ತರವನ್ನು ಪಶುವೈದ್ಯರಿಗೆ ಬಿಟ್ಟು ಸುಮ್ಮನಾಗುವುದು ಸುಲಭ. ಆದರೆ ವೈದ್ಯರು ಹೇಳಬಲ್ಲದ್ದು ರೋಗ ಹೇಗೆ ಹಬ್ಬುತ್ತದೆ ಎಂಬುದನ್ನು ಮಾತ್ರ. ಅದನ್ನು ಹಬ್ಬಿಸಿದ ಹೊಣೆ ಯಾರದು, ಆ ಹೊಣೆಯನ್ನು ತೀರಿಸುವುದು ಹೇಗೆ ಎಂಬುದು ಧರ್ಮಕ್ಕೆ ಸೇರಿದ ವಿಚಾರ.

ಗ್ಲ್ಯಾಂಡರ್ಸ್ ಬ್ಯಾಕ್ಟೀರಿಯಾದಿಂದ ಬರುವ ರೋಗ. ಅದಕ್ಕೆ ಲಸಿಕೆಯಿಲ್ಲ. ರೋಗಿ ಕುದುರೆಯ ಮೂಗಿನ ಸೋರಿಕೆ ಬಿದ್ದ ನೀರಿನ ತೊಟ್ಟಿ, ಮೇವು, ಲಗಾಮುಗಳ ಮೂಲಕ ಅದು ಮತ್ತೊಂದು ಕುದುರೆಯನ್ನು ಸೇರುತ್ತದೆ. ಅಪರೂಪಕ್ಕಾದರೂ ಮನುಷ್ಯನಿಗೂ ದಾಟುತ್ತದೆ, ದಾಟಿದರೆ ಪ್ರಾಣಕ್ಕೇ ಎರವಾಗಬಹುದು. ಮೈತುಂಬ ಆರೋಗ್ಯವಿರುವಂತೆ ಕಾಣುವ ಕುದುರೆಯೂ ಸೋಂಕನ್ನು ಒಳಗೆ ಹೊತ್ತು ತಿಂಗಳುಗಟ್ಟಲೆ ನಡೆಯಬಲ್ಲದು. ಆದ್ದರಿಂದಲೇ ‘ಒಂದೇ ಕುದುರೆಗೆ ಇಷ್ಟೊಂದು ಕಟ್ಟಳೆಯೇ’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಕಂಡದ್ದು ಒಂದಾದರೆ ಕಾಣದೆ ಉಳಿದದ್ದು ಎಷ್ಟೋ ಇರಬಹುದು. ಈ ವಿವರಗಳಲ್ಲಿ ನನಗೆ ಮುಖ್ಯವೆನಿಸುವುದು ಬೇರೆಯೇ ಒಂದು ಸಂಗತಿ. ಕುದುರೆ ತಾನಾಗಿ ಜಾತ್ರೆಗೆ ಹೋಗುವುದಿಲ್ಲ. ಮದುಮಗನನ್ನು ಹೊರಬೇಕೆಂದು ಅದಕ್ಕೆ ಆಸೆಯಿಲ್ಲ, ಬಾಜಿಯ ಗೆಲುವು ಅದಕ್ಕೆ ಬೇಕಿಲ್ಲ. ಊರಿಂದೂರಿಗೆ ಅದನ್ನು ಲಾರಿ ಹತ್ತಿಸುವವರು ನಾವು, ಅಪರಿಚಿತ ಕುದುರೆಯ ಪಕ್ಕದಲ್ಲಿ ಕಟ್ಟುವವರೂ ನಾವು. ರೋಗ ಬಂದದ್ದು ದೈವದಿಂದ ಎನ್ನಿ, ಪ್ರಕೃತಿಯಿಂದ ಎನ್ನಿ. ಅದು ಬೀದಿ ದಾಟಿದ್ದು ನಮ್ಮ ಸಂಭ್ರಮದ ಬೆನ್ನಿಗೆ. ಹೀಗಿರುವಾಗ ಸಂಭ್ರಮವನ್ನು ಮೊಟಕುಗೊಳಿಸುವ ಹೊಣೆಯೂ ನಮ್ಮ ಮೇಲೆಯೇ ಬೀಳುತ್ತದೆ.

ಉತ್ಸವ ನಿಲ್ಲಿಸಿದರೆ ದೇವರು ಮುನಿಯುತ್ತಾನೆ, ಸಂಪ್ರದಾಯ ಮುರಿಯುತ್ತದೆ ಎಂಬ ಮಾತಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕುರುಬರಹಳ್ಳಿ ಯಾವ ಸಮುದಾಯದ ಹೆಸರು ಹೊತ್ತಿದೆಯೋ ಆ ಕುರುಬರಲ್ಲಿ ಎಷ್ಟೋ ಮನೆತನಗಳ ದೇವರಾದ ಮೈಲಾರಲಿಂಗ ಕುದುರೆ ಏರಿದ ದೇವರು. ಮೈಸೂರಿನ ಅರಮನೆಯಲ್ಲಿ ಪಟ್ಟದ ಕುದುರೆಗೆ ಪೂಜೆ ಸಲ್ಲುತ್ತದೆ. ಇಲ್ಲಿ ಕುದುರೆ ಬರೀ ಸವಾರಿಯ ಸಾಧನವಲ್ಲ ಎನ್ನುವುದು ನಿಜ. ಆದರೆ ಇದೇ ಸಂಪ್ರದಾಯ ತಡೆಯನ್ನೂ ಬಲ್ಲದು. ಊರಿಗೆ ಬೇನೆ ಬಂದಾಗ ಮನೆಗಳಿಗೆ ಬೀಗ ಹಾಕಿ, ಊರಾಚೆ ಒಲೆ ಹೂಡಿ, ಹೊತ್ತು ಮುಳುಗಿದ ಮೇಲೆ ಮರಳುವ ಹೊರಬೀಡಿನ ಆಚರಣೆ ಕರ್ನಾಟಕದ ಹಲವು ಹಳ್ಳಿಗಳಲ್ಲಿದೆ. ಬೇನೆಯ ಎದುರು ಊರಿಗೆ ಊರೇ ನಡೆವಳಿಕೆ ಬದಲಿಸಬೇಕೆಂಬ ತಿಳಿವಳಿಕೆ ಅದರಲ್ಲಿದೆ. 2020ರಲ್ಲಿ ಕೊರೊನಾದಿಂದಾಗಿ ಜಂಬೂಸವಾರಿ ಅರಮನೆಯ ಅಂಗಳ ದಾಟಲಿಲ್ಲ. ಚಾಮುಂಡಿಗೆ ಸಲ್ಲಬೇಕಾದ ಪೂಜೆ ಸಂದಿತು, ಬೀದಿಯ ಜನಸಾಗರ ಮಾತ್ರ ಇರಲಿಲ್ಲ. ಪೂಜೆ ಬೇರೆ, ಅದರ ಸುತ್ತ ನಾವು ಕಟ್ಟಿಕೊಂಡ ಮೆರೆತ ಬೇರೆ ಎಂಬುದನ್ನು ಅಂಥ ವರ್ಷಗಳು ತೋರಿಸಿಕೊಡುತ್ತವೆ. ದೇವರಿಗೆ ಮುಡಿಪಾದ ಪ್ರಾಣಿಯನ್ನು ರೋಗದ ದಾರಿಗೆ ನೂಕಿ ಮಾಡುವ ಸೇವೆ ಯಾರಿಗೆ ಸಲ್ಲುತ್ತದೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಹಿಂಸೆಯ ಕಡೆಯಿಂದ ಬರುತ್ತದೆ. ಗ್ಲ್ಯಾಂಡರ್ಸ್ ದೃಢಪಟ್ಟ ಕುದುರೆಗೆ ಚಿಕಿತ್ಸೆಯಿಲ್ಲ, ದಯಾಮರಣವೇ ನಿಯಮ. 1899ರ ಬ್ರಿಟಿಷ್ ಕಾಯ್ದೆಯ ಹಾದಿಯೂ ಅದೇ, ಅದರ ಜಾಗಕ್ಕೆ ಬಂದ 2009ರ ಕಾಯ್ದೆಯದೂ ಅದೇ. ಜೀವ ತೆಗೆಯುವ ಕಟ್ಟಳೆಯನ್ನು ಧರ್ಮವೆನ್ನಬಹುದೇ? 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟವರೂ ಜನ್ಮಜನ್ಮಾಂತರ ನೋಯುತ್ತಾರೆ, ಕೊಲ್ಲುವ ಸಂಕಲ್ಪವೇ ಅಲ್ಲಿ ಹಿಂಸೆ. ಇದನ್ನು ತಿರುಗಿಸಿ, ಸಂಕಲ್ಪ ಒಳ್ಳೆಯದಾಗಿದ್ದರೆ ಕೊಂದರೂ ದೋಷವಿಲ್ಲ ಎಂದು ವಾದಿಸುವವರಿದ್ದಾರೆ. ಜನ್ನನಿಂದ ಅಂಥ ರಿಯಾಯಿತಿ ಸಿಗುವುದಿಲ್ಲ. ರೋಗಿ ಕುದುರೆಯನ್ನು ಕೊಲ್ಲುವುದು ಹಿಂಸೆಯೇ. ನೂರು ಜೀವ ಉಳಿಸಲು ಮಾಡಿದರೂ ಅದು ನಮ್ಮ ಮೇಲಿನ ಸಾಲ. ಆ ಸಾಲ ಬೆಳೆಯದಂತೆ ನೋಡಿಕೊಳ್ಳುವ ಒಂದೇ ದಾರಿಯೆಂದರೆ ಮೊದಲೇ ಓಡಾಟ ನಿಲ್ಲಿಸುವುದು. 2007ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಕುದುರೆ ಜ್ವರ ಹೊಕ್ಕಾಗ ಅಲ್ಲಿ ಕುದುರೆಗಳನ್ನು ಇದ್ದಲ್ಲೇ ನಿಲ್ಲಿಸಿದರು, ಲಸಿಕೆ ಹಾಕಿದರು; ಡಿಸೆಂಬರ್ ಮುಗಿಯುವುದರೊಳಗೆ ಹೊಸ ಪ್ರಕರಣಗಳು ನಿಂತವು. ಆ ಜ್ವರ ಗ್ಲ್ಯಾಂಡರ್ಸ್‌ನಷ್ಟು ಕ್ರೂರವಲ್ಲ, ಹೋಲಿಕೆಗೆ ಮಿತಿಯಿದೆ. ಆದರೂ ಪಾಠ ಒಂದೇ: ಹೊತ್ತಿಗೆ ಮುಂಚೆ ನಿಂತ ಪ್ರತಿ ಕುದುರೆಯೂ ಕೊಲ್ಲಬೇಕಾಗಿ ಬರುವ ಕುದುರೆಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ಅಹಿಂಸೆಯ ಹೆಸರಿನಲ್ಲಿ ಓಡಾಟದ ತಡೆಯನ್ನು ವಿರೋಧಿಸುವವರು ತಿಳಿಯದೆಯೇ ಹೆಚ್ಚಿನ ಹಿಂಸೆಯ ಪರ ನಿಲ್ಲುತ್ತಾರೆ.

ಕೊನೆಯ ಆಕ್ಷೇಪ ಹೊಟ್ಟೆಯದು; ಅದನ್ನು ಒಪ್ಪಲೇಬೇಕು. ಕೇಂದ್ರದ ಯೋಜನೆಯಲ್ಲಿ ದಯಾಮರಣಕ್ಕೊಳಗಾದ ಕುದುರೆಗೆ 25,000 ರೂ., ಕತ್ತೆ, ಹೇಸರಗತ್ತೆಗೆ 16,000 ರೂ. ಪರಿಹಾರ ಗೊತ್ತುಮಾಡಿದ್ದರು. ರೇಸ್ ಕುದುರೆಯ ಮಾಲೀಕನಿಗೆ ಅದು ಲೆಕ್ಕಕ್ಕೇ ಬಾರದ ಮೊತ್ತ, ಆದರೆ ಅವನಿಗೆ ಬೇರೆ ಆಧಾರಗಳಿವೆ. ಜಟಕಾ ಹೂಡುವವನಿಗೆ, ಮದುವೆಗೆ ಕುದುರೆ ಬಾಡಿಗೆಗೆ ಕೊಡುವವನಿಗೆ ಕುದುರೆ ಹೋದರೆ ಅನ್ನವೇ ಹೋಯಿತು. ಕುದುರೆ ಬದುಕಿದ್ದು ತಡೆಯ ಕಾರಣಕ್ಕೆ ಲಾಯದಲ್ಲಿ ನಿಂತರೂ ಹುಲ್ಲು, ಹುರುಳಿಯ ಖರ್ಚು ನಿಲ್ಲುವುದಿಲ್ಲ. ನಮ್ಮ ಸೂತಕ, ಮೈಲಿಗೆಗಳ ಚರಿತ್ರೆ ಇಲ್ಲಿ ಎಚ್ಚರಿಕೆಯಾಗಿ ನಿಲ್ಲಬೇಕು: ದೂರ ಇಡುವ ಕಟ್ಟಳೆಯ ಭಾರ ಈ ನಾಡಿನಲ್ಲಿ ಸದಾ ಬಿದ್ದದ್ದು ಕೆಳಗಿನವರ ಮೇಲೆ. ರೋಗವನ್ನು ದೂರವಿಡುವ ನಿಯಮ ರೋಗಿ ಕುದುರೆಯ ಒಡೆಯನನ್ನೇ ದೂರವಿಟ್ಟರೆ ಅವನು ಕಾಯಿಲೆಯನ್ನು ಮುಚ್ಚಿಡುತ್ತಾನೆ, ರಾತ್ರೋರಾತ್ರಿ ಕುದುರೆಯನ್ನು ಬೇರೆ ಊರಿಗೆ ಸಾಗಿಸುತ್ತಾನೆ. ಆಗ ನಿಯಮ ನ್ಯಾಯದಲ್ಲೂ ಸೋಲುತ್ತದೆ, ಉದ್ದೇಶದಲ್ಲೂ ಸೋಲುತ್ತದೆ. ಕುದುರೆಯಿಂದ ಸಂತೋಷ ಪಡೆದವರೆಲ್ಲ ಅದು ನಿಂತ ದಿನಗಳ ಮೇವಿಗೂ ಪಾಲು ಕೊಡಬೇಕು; ವ್ರತವನ್ನು ಒಬ್ಬನ ಹೊಟ್ಟೆಯ ಮೇಲೆ ನಡೆಸುವಂತಿಲ್ಲ.

ಆದ್ದರಿಂದ ಕುರುಬರಹಳ್ಳಿಯಲ್ಲಾಗಲಿ ಮತ್ತೆಲ್ಲೇ ಆಗಲಿ, ಮುಂದಿನ ಮದುವೆಗೋ ಉತ್ಸವಕ್ಕೋ ಕುದುರೆ ಗೊತ್ತುಮಾಡುವವರು ಬಾಡಿಗೆ ಕೇಳುವ ಮೊದಲು ರಕ್ತಪರೀಕ್ಷೆಯ ಪತ್ರ ಕೇಳಲಿ. ತಡೆಯ ಕಾಲವಾಗಿದ್ದರೆ, ಕೊಟ್ಟ ಮುಂಗಡವನ್ನು ಹಿಂದಕ್ಕೆ ಕೇಳದೆ ಕುದುರೆಯ ಮೇವಿಗೆಂದು ಬಿಟ್ಟುಬಿಡಲಿ. ಮದುಮಗ ಕಾರಿನಲ್ಲಿ ಬರಬಹುದು. ಉತ್ಸವಮೂರ್ತಿಯನ್ನು ಹೊರಲು ಊರಿನಲ್ಲಿ ಹೆಗಲುಗಳಿವೆ.