ಇಂದಿನ ಧಮ್ಮ ಚಿಂತನೆ: ಚಕ್ರದ ಕೆಳಗಿನ ಜೀವ



ರಜೆ ಬಂತೆಂದರೆ ನಮ್ಮ ಹುಡುಗರು ಸೂಪರ್ ಮಾರ್ಕೆಟ್ ಹತ್ತಿರ ಸೇರಿ, ಜೀಪು, ಬೈಕು ಹತ್ತಿ, ಕಮಲಾಪುರ ತಾಲ್ಲೂಕು ದಾಟಿ ಚಿಂಚೋಳಿ ಕಾಡಿಗೆ ಹೊರಡುತ್ತಾರೆ. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ನೋಡಿ ಬರುತ್ತಾರೆ. ಹೋಗಲಿ, ಸಂತೋಷ. ನಾಡು ನೋಡುವ ಹಕ್ಕು ನಮಗೆ ಸುಮ್ಮನೆ ಸಿಕ್ಕಿದ್ದಲ್ಲ. 1934ರಲ್ಲಿ ಬಾಬಾಸಾಹೇಬರು ಸಂಗಡಿಗರೊಂದಿಗೆ ವೇರೂಳದ ಬೌದ್ಧ ಗುಹೆಗಳನ್ನು ನೋಡಲು ಪ್ರವಾಸ ಹೊರಟಿದ್ದರು. ದೌಲತಾಬಾದ್ ಕೋಟೆಯ ಬಾಗಿಲಲ್ಲಿದ್ದ ಕೊಳದ ನೀರಲ್ಲಿ ಮುಖದ ಧೂಳು ತೊಳೆದುಕೊಂಡಿದ್ದಕ್ಕೇ ಜನ ಮುತ್ತಿಕೊಂಡು ಬೈದರು. ಆಗ ಅದೂ, ನಮ್ಮ ಕಲಬುರಗಿಯೂ ಒಂದೇ ನಿಜಾಮ್ ರಾಜ್ಯದಲ್ಲಿದ್ದವು.

ಪ್ರಶ್ನೆ ಹೋಗಬೇಕೋ ಬೇಡವೋ ಎಂಬುದಲ್ಲ. ಹೇಗೆ ಹೋಗಬೇಕು ಎಂಬುದು.

ಚಿಂಚೋಳಿ 2011ರಲ್ಲಿ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳ ಮನೆ ಅದು. ಜೀಪು ದಾರಿ ಬಿಟ್ಟು ಹುಲ್ಲಿಗೆ ಇಳಿದರೆ ನಮಗೆ ಅದು ಖಾಲಿ ಬಯಲು ಅನ್ನಿಸುತ್ತದೆ. ಆದರೆ ಕೌಜುಗ, ಟಿಟ್ಟಿಭ ಮೊಟ್ಟೆ ಇಡುವುದು ನೆಲದ ಮೇಲೆಯೇ. ಮಣ್ಣಿನ ಬಣ್ಣದ ಮೊಟ್ಟೆ ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಸತ್ತದ್ದು ಸಹ ಗೊತ್ತಾಗುವುದಿಲ್ಲ.

ವರ್ಷಾವಾಸ ಹೇಗೆ ಶುರುವಾಯಿತು, ನೆನಪಿಸಿಕೊಳ್ಳಿ. ಮಳೆಗಾಲದಲ್ಲೂ ತಿರುಗುತ್ತಿದ್ದ ಭಿಕ್ಕುಗಳು ಹಸಿ ಹುಲ್ಲು ತುಳಿಯುತ್ತಾರೆ, ಸಣ್ಣ ಜೀವಗಳನ್ನು ಸಾಯಿಸುತ್ತಾರೆ ಎಂದು ಜನ ದೂರಿದರು. ಭಗವಾನ್ ಬುದ್ಧರು ಆ ಮಾತನ್ನು ತಳ್ಳಿಹಾಕಲಿಲ್ಲ. ಮೂರು ತಿಂಗಳು ಒಂದೇ ಕಡೆ ನಿಲ್ಲಿರಿ ಎಂದರು. ನಡೆದುಹೋಗುವ ಭಿಕ್ಕುವಿನ ಪಾದಕ್ಕೇ ಈ ನಿಯಮವಾದರೆ, ಟನ್ನುಗಟ್ಟಲೆ ತೂಕದ ಜೀಪಿಗೆ ಎಷ್ಟು ಎಚ್ಚರ ಬೇಕು!

ಅಶೋಕ ಸಾಮ್ರಾಟನೂ ಇದನ್ನೇ ಮಾಡಿದ. ಹಿಂದಿನ ರಾಜರು ಬೇಟೆಯ ಮೋಜಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರು. ಪಟ್ಟಾಭಿಷೇಕವಾಗಿ ಹತ್ತು ವರ್ಷದ ಮೇಲೆ ಅಶೋಕ ಸಂಬೋಧಿಗೆ ಹೋದ. ಅಲ್ಲಿಂದ ಅವನದು ಧಮ್ಮಯಾತ್ರೆಯಾಯಿತು ಎಂದು ಅವನ ಎಂಟನೆಯ ಬಂಡೆಶಾಸನ ಹೇಳುತ್ತದೆ. ಅವನು ಪ್ರಯಾಣ ನಿಲ್ಲಿಸಲಿಲ್ಲ, ಪ್ರಯಾಣದ ಉದ್ದೇಶ ಬದಲಿಸಿದ. ಹಿರಿಯರನ್ನು ಕಂಡ, ಹಳ್ಳಿಯ ಜನರೊಂದಿಗೆ ಮಾತಾಡಿದ. ಅದೇ ಅಶೋಕನ ಹೆಸರು ಕೆತ್ತಿದ ಶಿಲ್ಪ ನಮ್ಮ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಸಿಕ್ಕಿದೆ. ಅವನು ನಮಗೆ ದೂರದವನಲ್ಲ.

ಹಾಗಾದರೆ ನಾವು ಮಾಡಬೇಕಾದದ್ದು ಇಷ್ಟು. ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗೋಣ. ಇದ್ದ ದಾರಿಯಲ್ಲೇ ಗಾಡಿ ಓಡಿಸೋಣ. ತಾಂಡಾದ ಹಿರಿಯರ ಹತ್ತಿರ ಕೂತು ಕಾಡಿನ ಬಗ್ಗೆ ಕೇಳೋಣ, ಅವರಿಗೆ ನಮಗಿಂತ ಹೆಚ್ಚು ಗೊತ್ತು. ಸಂಜೆಯಾದ ಮೇಲೆ ನೀರಿನ ದಂಡೆಯಲ್ಲಿ ಹಾಡು ಹಚ್ಚಿಕೊಂಡು ಕೂರುವುದು ಬೇಡ. ನಾವು ಏಳುವವರೆಗೂ ಪ್ರಾಣಿಗಳು ಬಾಯಾರಿ ಪೊದೆಯೊಳಗೇ ನಿಂತಿರುತ್ತವೆ. ನೀರಿಗಾಗಿ ಮಹಾಡದಲ್ಲಿ ಹೋರಾಡಿದವರ ಮಕ್ಕಳು ನಾವು. ಯಾವ ಜೀವದ ನೀರಿಗೂ ಅಡ್ಡ ನಿಲ್ಲುವುದು ನಮಗೆ ಒಪ್ಪುವುದಿಲ್ಲ.

ಪಂಚಶೀಲದ ಮೊದಲ ಶೀಲವನ್ನು ವಿಹಾರದಲ್ಲಿ ಕೈಮುಗಿದು ಹೇಳುವುದು ಸುಲಭ. ಸ್ಟೇರಿಂಗ್ ಹಿಡಿದಾಗಲೂ ಅದು ನೆನಪಿದ್ದರೆ ಆ ಶೀಲ ನಮ್ಮದಾಯಿತು.

ಇಂದಿನ ಅಭ್ಯಾಸ: ಗಾಡಿ ಶುರು ಮಾಡುವ ಮುಂಚೆ ಒಮ್ಮೆ ಕೆಳಗೆ ಬಗ್ಗಿ ನೋಡಿ. ನೆರಳಿಗೆ ನಾಯಿಮರಿ ಮಲಗಿರಬಹುದು.

ಸಕಲ ಜೀವಿಗಳಿಗೆ ಮಂಗಳವಾಗಲಿ. ಜೈ ಭೀಮ್ 💙