ಹೊಳಿ ಕಡೆ ಲಕ್ಷ್ಯ

ಶ್ರಾವಣ ಬಂತೆಂದರೆ ನಮ್ಮ ಕಡೆ ಒಂದಲ್ಲ ಒಂದು ಊರಿಂದ ಸುದ್ದಿ ಬರುತ್ತದೆ: "ಅಜ್ಜಾರು ಅನುಷ್ಠಾನಕ್ಕ ಕುಂತಾರಂತ." ಮಠದ ಸ್ವಾಮಿಗಳನ್ನು ಅಜ್ಜಾರು ಅನ್ನುವುದು ಇಲ್ಲಿನ ರೂಢಿ. ಮಾತಿಲ್ಲ, ಮಂದಿಯಿಲ್ಲ, ಪೂಜೆ, ಜಪ, ಒಂದಿಷ್ಟು ಹಾಲು-ಹಣ್ಣು. ಹನ್ನೊಂದು ದಿನವೋ, ಇಪ್ಪತ್ತೊಂದು ದಿನವೋ, ಇಡೀ ತಿಂಗಳೋ. ಮುಗಿದ ದಿನ ಊರೆಲ್ಲ ಸೇರಿ ಅನುಷ್ಠಾನದ ಮಂಗಲ ಮಾಡುತ್ತದೆ, ಗೋಧಿ ಹುಗ್ಗಿಯ ಊಟ ಆಗುತ್ತದೆ. ಚಿಕ್ಕವನಿದ್ದಾಗ ನನಗೆ ಆ ಹುಗ್ಗಿಯಷ್ಟೇ ತಿಳಿಯುತ್ತಿತ್ತು. ಐವತ್ತು ದಾಟಿದ ಮೇಲೆ ನಾನೂ ಒಮ್ಮೆ ಕೂತು ನೋಡಬೇಕೆಂಬ ಆಸೆ ಹುಟ್ಟಿತು.

ವೈರಾಗ್ಯವೇನೂ ಬಂದಿರಲಿಲ್ಲ. ಬೆಳಗಾವಿಯ ಶಹಾಪುರದ ಹಳೇ ಮನೆಯ ವಾಟ್ನಿ, ಅಂದರೆ ಪಾಲು ಹಂಚಿಕೆ, ನಡೆದಿತ್ತು. ಅಣ್ಣತಮ್ಮಂದಿರು ಟೇಪು ಹಿಡಿದು ಹಿತ್ತಲು ಅಳೆಯುವುದು, ಹೆಂಗಸರು ಅಡುಗೆಮನೆಯಲ್ಲಿ ಮಾತು ಬಿಡುವುದು ಎಲ್ಲ ಆಗಿತ್ತು. ಮೂರು ಅಡಿ ಹಿತ್ತಲಿಗಾಗಿ ಮೂರು ತಿಂಗಳು ನಿದ್ದೆಗೆಟ್ಟವನಿಗೆ ಕಾಡು ಬಹಳ ಚಂದ ಕಾಣಿಸುತ್ತದೆ. ಖಾನಾಪುರ ದಾಟಿ ಅಸೋಗಾ ಕಡೆಗೆ, ಮಲಪ್ರಭೆಯ ದಂಡೆಗೆ, ನಮ್ಮ ಭಾವನವರ ಸಂಬಂಧಿಕರದೊಂದು ತೋಟದ ಮನೆ ಇದೆ. "ಮೂರು ರಾತ್ರಿ ಇರತೇನಿ. ಯಾರೂ ಮಾತಾಡಿಸಬಾರದು, ಊಟ ಕಟ್ಟೆಯ ಮೇಲೆ ಇಟ್ಟು ಹೋದರೆ ಸಾಕು" ಅಂದೆ. ಭಾವ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆತು, ಹೇಳತೇನಿ" ಅಂದರು. ಆ ಸುಮ್ಮನಿದ್ದುದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಬೆಳಗಾವಿಯಿಂದ ಖಾನಾಪುರ ಎಷ್ಟರದು? ಪಿರನವಾಡಿ, ಮಚ್ಛೆ, ಗಣೇಬೈಲ್ ಟೋಲ್ ನಾಕಾ ಅನ್ನುವುದರೊಳಗೆ ಬಂದೇಬಿಡುತ್ತದೆ. ಆದರೆ ಮಳೆಗಾಲದಲ್ಲಿ ಈ ಮುಕ್ಕಾಲು ತಾಸಿನಲ್ಲಿ ಜಗತ್ತೇ ಬದಲಾಗುತ್ತದೆ. ನಗರದಲ್ಲಿ ಜಿಟಿಜಿಟಿ ಇದ್ದದ್ದು ಅಲ್ಲಿ ಧೋ ಎಂದು ಸುರಿಯುತ್ತಿರುತ್ತದೆ. ತಾಲೂಕಿನ ಇನ್ನೂ ಪಶ್ಚಿಮಕ್ಕೆ ಹೋದರೆ ಕೇಳುವುದೇ ಬೇಡ. ಆಮಗಾಂವದಲ್ಲಿ 2010ರಲ್ಲಿ 10,068 ಮಿಲಿಮೀಟರ್ ಮಳೆ ದಾಖಲಾಗಿತ್ತು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನನ್ನ ಕಿಟಕಿಯ ಕೆಳಗೆ ಕೆಂಪಗೆ, ದಪ್ಪಗೆ, ಯಾರ ಮಾತನ್ನೂ ಕೇಳದವಳ ಹಾಗೆ ಹೊರಟಿದ್ದಳು.

ಮೊದಲ ರಾತ್ರಿಯ ಕಥೆ ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ, ಆದರೂ ಹೇಳುತ್ತೇನೆ. ಫೋನ್ ಬಂದ್ ಮಾಡಿ ಚೀಲದ ತಳಕ್ಕೆ ಹಾಕಿದೆ. ಕಂಬಳಿ ಹಾಸಿ ಕಣ್ಣು ಮುಚ್ಚಿ ಕೂತೆ. ಹೆಂಚಿನ ಮೇಲೆ ಮಳೆ, ಗದ್ದೆಯ ಕಪ್ಪೆ, ಮೂಲೆಯ ಬಕೆಟ್ಟಿಗೆ ತೊಟ್ಟಿಕ್ಕುವ ನೀರು. ಎಷ್ಟು ಚಂದ ಅಂದುಕೊಂಡದ್ದು ಐದು ನಿಮಿಷ. ಆಮೇಲೆ ಬಕೆಟ್ಟಿನ ಟಪ್‌ಟಪ್ ಎಣಿಸತೊಡಗಿದೆ. ಎಣಿಕೆ ಯಾವಾಗಲೋ ಅಡಿಗಳ ಲೆಕ್ಕಕ್ಕೆ ತಿರುಗಿತು. ಮಧ್ಯರಾತ್ರಿಯ ಹೊತ್ತಿಗೆ ನಾನು ಕೋರ್ಟಿನಲ್ಲಿ ನಿಂತು ನಮ್ಮ ದೊಡ್ಡಣ್ಣನ ವಿರುದ್ಧ ಪೂರ್ತಿ ವಾದ ಮಂಡಿಸಿ, ಸಾಕ್ಷಿ ಹೇಳಿಸಿ, ಗೆದ್ದೂ ಬಿಟ್ಟಿದ್ದೆ. ಊರಲ್ಲಿದ್ದಾಗ ವಾದದ ನಡುವೆ ಹಾಲಿನವನೋ ಗ್ಯಾಸಿನವನೋ ಬಂದು ತಡೆಯುತ್ತಿದ್ದ. ಕಾಡಿನಲ್ಲಿ ತಡೆಯುವವರೂ ಇರಲಿಲ್ಲ.

ಅಷ್ಟರಲ್ಲಿ ಹೊರಗಿನ ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಬೀಡಿಯ ವಾಸನೆ ಬಂತು. ತೋಟ ಕಾಯುವ ಮುದುಕ ಇರಬೇಕು. ಸಂಜೆ ಊಟ ಇಟ್ಟು ಹೋದವರು ಮನೆಗೆ ಹೋಗಬಾರದೇ? ಯಾರೂ ಬೇಡ ಎಂದು ಹೇಳಿಕಳಿಸಿದ್ದೆನಲ್ಲ! ನನ್ನ ಏಕಾಂತ ಕೆಡಿಸಿದರೆಂದು ಸಿಟ್ಟು ಬಂತು. ಎರಡನೆಯ ರಾತ್ರಿಯೂ ಅದೇ ಕೆಮ್ಮು, ಅದೇ ಬೀಡಿ, ನಡುನಡುವೆ ಬ್ಯಾಟರಿಯ ಬೆಳಕು ಕಿಟಕಿಯ ಮೇಲೆ ಹಾದು ಹೋಗುವುದು.

ಬೆಳಗಾವಿಯವರಿಗೆ ಸಾಧಕರ ಮಾತು ಬಂದರೆ ಕಿಲ್ಲೆಯ ಒಂದು ಮನೆ ನೆನಪಾಗುತ್ತದೆ. 1892ರ ಅಕ್ಟೋಬರಿನಲ್ಲಿ ಕೊಲ್ಹಾಪುರದ ಕಡೆಯಿಂದ ಒಬ್ಬ ಬಂಗಾಲಿ ಸಂನ್ಯಾಸಿ ಇಲ್ಲಿಗೆ ಬಂದರು. ವಯಸ್ಸು 29. ಆಗಿನ್ನೂ ಜಗತ್ತಿಗೆ ಅವರ ಹೆಸರು ಗೊತ್ತಿಲ್ಲ. ಮೊದಲ ಮೂರು ದಿನ ವಕೀಲ ಭಾಟೆಯವರ ಮನೆ, ಆಮೇಲೆ ಒಂಬತ್ತು ದಿನ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆ. ಆ ಮನೆ ಈಗ ರಾಮಕೃಷ್ಣ ಮಿಷನ್ ಆಶ್ರಮದೊಳಗಿದೆ. ಸಂನ್ಯಾಸಿ ಪಟ್ಟಣದಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಬಾರದು, ಹಳ್ಳಿಯಲ್ಲಿ ಒಂದೇ ದಿನ ಎಂಬ ನಿಯಮ ಹೇಳಿ ಅವರು ಹೊರಡಲು ನೋಡಿದ್ದರೆಂದು ಮಿತ್ರರೇ ಬರೆದಿದ್ದಾರೆ. ಹಟ ಮಾಡಿ ಉಳಿಸಿಕೊಂಡವರೂ ಮಿತ್ರರೇ.

ವಿವೇಕಾನಂದರ ಜೀವನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಷಿಕಾಗೋ ಭಾಷಣವಲ್ಲ, ಅದಕ್ಕೆ ಮೂರು ವರ್ಷ ಮುಂಚಿನ ಸೋಲುಗಳು. 1890ರಲ್ಲಿ ಹಿಮಾಲಯದಲ್ಲಿ ತಪಸ್ಸಿಗೆ ಕೂಡಬೇಕೆಂದು ಹೊರಟರು. ಅಲ್ಮೋರಾದಲ್ಲಿದ್ದಾಗ ತಂಗಿ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ತಲುಪಿತು. ಇನ್ನೂ ಮೇಲೆ, ಗಢವಾಲದ ಕಡೆ ನಡೆದರು. ಜೊತೆಯ ಗುರುಭಾಯಿ ಅಖಂಡಾನಂದರು ಎದೆರೋಗದಿಂದ ಮಲಗಿದರು. ಹೃಷೀಕೇಶಕ್ಕೆ ಇಳಿದು ಕೂತರು. ಈ ಸಲ ತಾವೇ ಜ್ವರದಿಂದ ಸಾವಿನ ಬಾಗಿಲಿಗೆ ಹೋಗಿ ಬಂದರು. ಕೂಡಲು ಹೋದಾಗಲೆಲ್ಲ ಯಾರದೋ ಜೀವ ಸೆರಗು ಹಿಡಿದು ಎಳೆದಿದೆ. ಅಂಥವರು ಬೆಳಗಾವಿಗೆ ಬಂದಾಗ ಸಿಕ್ಕದ್ದು ಗವಿಯಲ್ಲ, ಊರಿನ ವಕೀಲರು, ಅಧಿಕಾರಿಗಳು ಬಂದು ತರ್ಕ ಹೂಡುವ ಪಡಸಾಲೆ. ಊಟವಾದ ಮೇಲೆ ಎಲೆ-ಅಡಿಕೆ ಕೇಳಿದ್ದು, ತಂಬಾಕು ಕೇಳಿದ್ದು, ಸಂನ್ಯಾಸಿ ಹೀಗೂ ಇರುತ್ತಾನೆಯೇ ಎಂದು ಭಾಟೆಯವರ ಮನೆಯವರು ಚಕಿತರಾದದ್ದು ಆ ಮನೆಯ ಹುಡುಗ ಮುಂದೆ ದೊಡ್ಡವನಾಗಿ ಬರೆದ ನೆನಪಿನಲ್ಲಿದೆ. ಮಿತ್ರರ ಮುಂದೆ ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್'ನಿಂದ ಪುಟಗಟ್ಟಲೆ ಬಾಯಿಪಾಠ ಹೇಳಿದರಂತೆ. ಆ ಪುಸ್ತಕವನ್ನು ಅವರು ಓದಿದ್ದು ಬರೀ ಎರಡು ಸಲ. ಮನಸ್ಸನ್ನು ಒಂದೇ ಕಡೆ ಇಡಬಲ್ಲವನಿಗೆ ಪಡಸಾಲೆಯೂ ಸಾಕಾಗುತ್ತದೆ. ನನಗೆ ಮಲಪ್ರಭೆಯ ದಂಡೆ ಸಾಲಲಿಲ್ಲ.

ಬೆಳಗಾವಿಯಿಂದ ಮುಂದೆ ಅವರು ಗೋವೆಗೆ ಹೋದದ್ದು ರೈಲಿನಲ್ಲಿ. ಹಣ ಮುಟ್ಟುವುದಿಲ್ಲ ಎಂದಿದ್ದರು. ಮುರ್ಮಗೋವೆಯ ಟಿಕೆಟ್ ಮಿತ್ರರು ತೆಗೆಸಿಕೊಟ್ಟರು. ಆ ದಾರಿ ಖಾನಾಪುರ, ಲೋಂಡಾ ಹಾದೇ ಹೋಗಬೇಕು. ರಾತ್ರಿ ಲೋಂಡಾ ಕಡೆಯ ಗಾಡಿಯ ಸದ್ದು ಮಳೆಯೊಳಗಿಂದ ಕೇಳಿದಾಗ ಅದೇ ನೆನಪಾಯಿತು. ಹಣ ಮುಟ್ಟದವರ ಟಿಕೆಟ್ಟಿಗೂ ಯಾರೋ ಕಿಸೆಗೆ ಕೈ ಹಾಕಿರುತ್ತಾರೆ. ಇದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಮೂರನೆಯ ದಿನದ ತನಕ ನನಗೆ ಈ ಲೆಕ್ಕದ ಗೊಡವೆಯೇ ಇರಲಿಲ್ಲ, ಅಷ್ಟೇ.

ಮೂರನೆಯ ದಿನ ಸಂಜೆ ಮಳೆ ಹೊಳವಾಯಿತು. ಹೊಳೆಯ ಕಡೆ ನಾಲ್ಕು ಹೆಜ್ಜೆ ಹೋದೆ. ಹಿಂದೆ ಕೆಸರಿನಲ್ಲಿ ಪಚಪಚ ಸದ್ದು. ತಿರುಗಿದರೆ ಮುದುಕರು, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಬಡಿಗೆ. ನನ್ನ ಮೌನ ಅಲ್ಲಿಗೆ ಮುರಿಯಿತು.

"ಯಾಕ್ರಿ ಕಾಕಾ, ಬೆನ್ನು ಹತ್ತೀರಿ?"

ಅವರು ಬಡಿಗೆಯಿಂದ ಕೆಸರು ಕೆದರಿದರು. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನಿಮ್ಮ ಭಾವಗೋಳು ಫೋನ್ ಮಾಡಿದ್ರು. ಮನ್ಯಾಗ ವಾಟ್ನಿ ಜಗಳ ನಡದೈತಿ, ಮನಸ್ಸಿಗೆ ಹಚ್ಕೊಂಡಾರ, ಒಬ್ಬರ ಇರತೇನಿ ಅಂತಾರ. ಹೊಳಿ ಕಡೆ ಲಕ್ಷ್ಯ ಇರಲಿ ಅಂದ್ರು."

"ಅಂದ್ರ ನೀವು ಮೂರು ರಾತ್ರಿ..."

"ಎರಡ ಆದೂ ರೀ. ಇವತ್ತಿಂದು ಇನ್ನೂ ಐತಿ."

ನಗು ಬಂತು, ಆಮೇಲೆ ನಾಚಿಕೆ. ನನ್ನ ಕೆಮ್ಮಿನ ಶತ್ರು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ನಾನು ಒಳಗೆ ಕೂತು ಆತ್ಮವನ್ನು ಹುಡುಕುತ್ತಿದ್ದಾಗ, ಅಂದರೆ ಮೂರಡಿ ಹಿತ್ತಲನ್ನು ಅಳೆಯುತ್ತಿದ್ದಾಗ, ಹೊರಗೆ ಒಬ್ಬರು ನನ್ನ ಜೀವವನ್ನು ಕಾಯುತ್ತಿದ್ದರು. ಅದೂ ತಮ್ಮದಲ್ಲದ, ಗುರುತಿಲ್ಲದ ಜೀವವನ್ನು.

ಆ ರಾತ್ರಿ ಜಪ ಸಾಗಲಿಲ್ಲ. ಕಿಲ್ಲೆಯೊಳಗಿನ ಕಮಲ ಬಸದಿ ನೆನಪಾಯಿತು. 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಊರೂರು ನಡೆಯುವ ದಿಗಂಬರ ಮುನಿಗಳು ಆಷಾಢದಿಂದ ಕಾರ್ತಿಕದವರೆಗೆ ಒಂದೇ ಕಡೆ ನಿಲ್ಲುತ್ತಾರೆ, ಚಾತುರ್ಮಾಸ. ಮಳೆಯಲ್ಲಿ ನಡೆಯುವುದು ಕಷ್ಟವೆಂದು ನಿಲ್ಲುತ್ತಾರೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಮಳೆ ಬಿದ್ದ ನೆಲದಲ್ಲಿ ಹುಳ-ಹುಪ್ಪಡಿ, ಮೊಳಕೆ ಎಲ್ಲ ಎದ್ದಿರುತ್ತವೆ; ನಡೆದರೆ ಅವು ಕಾಲಡಿಗೆ ಸಿಕ್ಕಾವು ಎಂದು ನಿಲ್ಲುವುದು. ಅವರ ನಿಲುಗಡೆ ಅವರ ಶಾಂತಿಗಿಂತ ಮೊದಲು ಇರುವೆಯ ಕ್ಷೇಮಕ್ಕೆ. ದಿನಕ್ಕೆ ಒಮ್ಮೆ, ನಿಂತು, ಅಂಗೈಯಲ್ಲಿ ಆಹಾರ. ಕೊಡುವವರು ಬಾಗಿಲಲ್ಲಿ ಕಾದು ನಿಂತಿರುತ್ತಾರೆ. ಕೈ ನೀಡಿದವರಿಗೂ ಗೊತ್ತು, ಕೊಟ್ಟವರಿಗೂ ಗೊತ್ತು. ನಾನು ಕಟ್ಟೆಯ ಮೇಲಿನ ರೊಟ್ಟಿಯನ್ನು ಇಟ್ಟವರ ಮುಖ ನೋಡದೆ ತಿಂದು, ಅದನ್ನೇ ವ್ರತ ಅಂದುಕೊಂಡಿದ್ದೆ.

ಗವಿಯ ಮಾತೂ ಹಾಗೆಯೇ. ಖಾಲಿ ಗವಿ ಎಂಬುದು ಎಲ್ಲಿದೆ? ಇದೇ ತಾಲೂಕಿನ ತಳೇವಾಡಿಯ ಹತ್ತಿರ, ಭೀಮಗಡದ ಕಾಡಿನಲ್ಲಿ, ಬಾರಾಪೇಡೆ ಗವಿಗಳಿವೆ. ಒಳಗೆ ಒಂದು ಜಾತಿಯ ಬಾವಲಿ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಬ್ರಿಟಿಷ್ ಪ್ರಾಣಿತಜ್ಞ ಅದನ್ನು ವಿವರಿಸಿ, ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರಿಟ್ಟ. ಎಷ್ಟೋ ದಶಕ ಜಗತ್ತಿನಲ್ಲಿ ಈ ಗವಿ ಬಿಟ್ಟರೆ ಮತ್ತೆಲ್ಲೂ ಅದು ಇರುವುದು ಗೊತ್ತೇ ಇರಲಿಲ್ಲ. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಂಡಿತು. 2011ರಲ್ಲಿ ಭೀಮಗಡ ಅಭಯಾರಣ್ಯವಾಗಲು ಈ ಪುಟ್ಟ ಪ್ರಾಣಿಯೂ ಒಂದು ಕಾರಣ. ನಾವು ಬ್ಯಾಟರಿ ಹಿಡಿದು ಧ್ಯಾನಕ್ಕೆಂದು ಒಳಹೊಕ್ಕರೆ ಕೆಡುವುದು ಅದರ ಏಕಾಂತ.

ಮನುಷ್ಯರ ಏಕಾಂತ ಇನ್ನೊಂದು ಬಗೆಯದು. ಆ ಕಾಡೊಳಗಿನ ಹಳ್ಳಿಗಳಲ್ಲಿ ಮಳೆಗಾಲವೆಂದರೆ ರಸ್ತೆಯಿಲ್ಲ, ಸೇತುವೆಯಿಲ್ಲ, ಫೋನಿಗೆ ರೇಂಜಿಲ್ಲ. ನಾವು ದುಡ್ಡು ಕೊಟ್ಟು ಹುಡುಕುವ ಮೌನ ಅವರ ಮೇಲೆ ಹೇರಿದ್ದು. 2024ರ ಮಳೆಗಾಲದಲ್ಲಿ ಆಮಗಾಂವದ ಹೆಣ್ಣುಮಗಳೊಬ್ಬಳನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಕಾಡು ದಾಟಿಸಬೇಕಾಯಿತು. ತಳೇವಾಡಿಯ 27 ಕುಟುಂಬಗಳು ಊರು ಬಿಡಲು ಒಪ್ಪಿ, 2025ರ ಮೇ ತಿಂಗಳಲ್ಲಿ ಪರಿಹಾರದ ಮೊದಲ ಕಂತು ಪಡೆದವು. ಅವರು ಕಾಡಿನಿಂದ ಹೊರಗೆ ಬರುವ ದಾರಿಯಲ್ಲೇ ನಾವು ಒಳಗೆ ಹೋಗುತ್ತೇವೆ, ಚೀಲದಲ್ಲಿ ಬಿಸ್ಕೀಟು, ನೀರಿನ ಬಾಟಲಿ, ಮನಶ್ಶಾಂತಿಯ ಪುಸ್ತಕ. ಕಾಡಿಗೆ ಹೋಗುವುದು ತಪ್ಪು ಅನ್ನುತ್ತಿಲ್ಲ. ನಾನೂ ಮತ್ತೆ ಹೋಗುವವನೇ. ಆದರೆ "ಅಲ್ಲಿ ಯಾರೂ ಇಲ್ಲ" ಎಂಬ ಮಾತು ಮಾತ್ರ ನನ್ನ ಬಾಯಿಂದ ಇನ್ನು ಸಲೀಸಾಗಿ ಬರಲಾರದು.

ಈ ತಾಲೂಕಿನ ಇನ್ನೊಂದು ಮಗ್ಗುಲಿಗೆ ಕಕ್ಕೇರಿ ಇದೆ. ಕಲ್ಯಾಣ ಕದಡಿದ ಮೇಲೆ ಶರಣರು ಉಳವಿಯ ಕಾಡಿನ ಕಡೆ ಹೊರಟಾಗ ಡೋಹರ ಕಕ್ಕಯ್ಯನವರು ಅಲ್ಲಿ ಹೋರಾಡುತ್ತ ಐಕ್ಯರಾದರೆಂದು ನಂಬಿಕೆ. ತೊಗಲು ಹದ ಮಾಡುವ ಕಾಯಕದವರು. ಮುಂದೆ ಹೋಗುವವರು ಕಾಡು ಸೇರಲೆಂದು ಹಿಂದೆ ನಿಂತವರು. ಚೆನ್ನಬಸವಣ್ಣನವರ ಉಳವಿಗೆ ವರ್ಷವೂ ಚಕ್ಕಡಿ ಕಟ್ಟಿಕೊಂಡು ಹೋಗುವ ನಮ್ಮ ಜನ ಕಕ್ಕೇರಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೋ ಏನೋ.

ನಡುರಾತ್ರಿ ಬಾಗಿಲು ತೆಗೆದು "ಕಾಕಾ, ನಾ ಎಲ್ಲೂ ಹೋಗಂಗಿಲ್ಲ, ನೀವು ಮಲಕೋರಿ" ಅಂದೆ. "ಹೂಂ ರೀ" ಅಂದರು. ಮಲಗಲಿಲ್ಲ. ನನ್ನ ಮಾತನ್ನು ಅವರು ಯಾಕೆ ನಂಬಬೇಕು? ಇನ್ನೊಂದು ಕಂಬಳಿ ತಂದು ಕೊಟ್ಟೆ, ಪಕ್ಕದಲ್ಲಿ ಕೂತೆ. ಅವರು ಭತ್ತದ ಮಾತಾಡಿದರು. ಗೋವೆಗೆ ದುಡಿಯಲು ಹೋದ ಮಗನ ಮಾತಾಡಿದರು. ಹಿತ್ತಲಿನ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿದೆ.

ಬೆಳಿಗ್ಗೆ ಬಿಸಿಲು ಬಿತ್ತು. ಚೀಲ ಕಟ್ಟಿಕೊಂಡು ಹೊರಗೆ ಬಂದರೆ ಮುದುಕರು ಕಟ್ಟೆಯ ಮೇಲೆ ಮುದುಡಿಕೊಂಡು ಗಾಢ ನಿದ್ದೆಯಲ್ಲಿದ್ದರು. ಬಾಯಿ ತೆರೆದಿತ್ತು, ಬಡಿಗೆ ಎದೆಗವಚಿತ್ತು. ಆರಿದ ಬೀಡಿ ಕಂಬಳಿಯ ಅಂಚಿನಲ್ಲಿ. ಎಬ್ಬಿಸಿ ಹೇಳಿ ಹೋಗಬೇಕು, ಹಾಗೇ ಹೋದರೆ ಎದ್ದಾಗ ಗಾಬರಿಯಾದಾರು. ಎಬ್ಬಿಸಲು ಮನಸ್ಸು ಬರಲಿಲ್ಲ. ಖಾನಾಪುರದಲ್ಲಿ ಹಿಡಿಯಬೇಕಿದ್ದ ಗಾಡಿ ಹೋದ ಸದ್ದು ಕೇಳಿತು. ನಾನು ಕಟ್ಟೆಯ ಇನ್ನೊಂದು ತುದಿಗೆ ಕೂತು ನೊಣ ಓಡಿಸುತ್ತಿದ್ದೆ.

ಸೂರ್ಯ ಮುಖಕ್ಕೆ ಬಂದಾಗ ಅವರಿಗೆ ಎಚ್ಚರವಾಯಿತು. ದಡಬಡಿಸಿ ಎದ್ದು, ಬಡಿಗೆ ಹಿಡಿದು, ಮೊದಲು ನೋಡಿದ್ದು ಹೊಳೆಯ ಕಡೆ.

"ಇಲ್ಲೇ ಅದೀನ್ರಿ ಕಾಕಾ" ಅಂದೆ.