ಚಿನ್ನ ಕೊಟ್ಟು ಕಂಚು ಪಡೆದವನು

'ಇಲಿಯಡ್' ಮಹಾಕಾವ್ಯದ 6ನೇ ಸರ್ಗದಲ್ಲಿ ಯುದ್ಧ ಕೆಲಹೊತ್ತು ನಿಂತುಬಿಡುತ್ತದೆ. ಗ್ರೀಕರ ಕಡೆಯ ಡಯೊಮಿಡೀಸನೂ ಟ್ರಾಯ್ ನೆರವಿಗೆ ಬಂದ ಲಿಸಿಯಾದ ಗ್ಲಾಕಸನೂ ಎದುರುಬದುರಾಗಿದ್ದಾರೆ. ಅದೇ ದಿನ ಇಬ್ಬರು ದೇವತೆಗಳನ್ನೇ ಗಾಯಗೊಳಿಸಿದ್ದ ಡಯೊಮಿಡೀಸ್ ಈಟಿ ಎತ್ತುವ ಮೊದಲು ಎದುರಾಳಿಯ ಕುಲ ಕೇಳುತ್ತಾನೆ. ಮರದ ಎಲೆಗಳ ಹಾಗೆ ಉದುರಿಹೋಗುವ ಮನುಷ್ಯರಿಗೆ ಎಂಥ ಕುಲ ಎನ್ನುತ್ತಲೇ ಗ್ಲಾಕಸ್ ತನ್ನ ಅಜ್ಜ ಬೆಲ್ಲೆರೊಫಾನನ ಕಥೆಯನ್ನು ಸಾದ್ಯಂತ ಹೇಳುತ್ತಾನೆ.

ಕೇಳಿ ಹಿಗ್ಗಿದ ಡಯೊಮಿಡೀಸ್ ಈಟಿಯನ್ನು ನೆಲಕ್ಕೆ ನೆಡುತ್ತಾನೆ. ಅವನ ಅಜ್ಜ ಈನಿಯಸ್ ಇದೇ ಬೆಲ್ಲೆರೊಫಾನನನ್ನು 20 ದಿನ ಮನೆಯಲ್ಲಿಟ್ಟುಕೊಂಡು ಸತ್ಕರಿಸಿದ್ದ. ಒಬ್ಬ ಬಣ್ಣದ ನಡುಪಟ್ಟಿ ಕೊಟ್ಟಿದ್ದ, ಇನ್ನೊಬ್ಬ ಚಿನ್ನದ ಬಟ್ಟಲು. ಅಜ್ಜಂದಿರ ಸ್ನೇಹ ಮೊಮ್ಮಕ್ಕಳ ಹಗೆಗಿಂತ ದೊಡ್ಡದಾಯಿತು. ಕೊಲ್ಲಲು ಬೇರೆಯವರು ಬೇಕಾದಷ್ಟಿದ್ದಾರೆ, ನಾವಿಬ್ಬರು ಮಾತ್ರ ಬೇಡ ಎಂದು ರಥದಿಂದ ಧುಮುಕಿ, ಕೈಹಿಡಿದು, ಕವಚಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ತಕರಾರಿರಲಿಲ್ಲ. ಹೋಮರ್ ಥಟ್ಟನೆ ಬೆಲೆ ಕಟ್ಟಲು ಕೂರುತ್ತಾನೆ. ನಾಣ್ಯವಿಲ್ಲದ ಆ ಲೋಕದಲ್ಲಿ ಎತ್ತೇ ಅಳತೆ: ಗ್ಲಾಕಸ್ ಕೊಟ್ಟ ಚಿನ್ನದ ಕವಚಕ್ಕೆ 100 ಎತ್ತು, ಪಡೆದ ಕಂಚಿನದಕ್ಕೆ ಬರೀ 9. ಝ್ಯೂಸ್ ದೇವನೇ ಅವನ ಬುದ್ಧಿ ಕಿತ್ತುಕೊಂಡ ಎಂಬ ಮಾತು ಬೇರೆ.

ಅಷ್ಟು ಹೊತ್ತಿನ ಗಾಂಭೀರ್ಯಕ್ಕೆ ಹೀಗೇಕೆ ತಣ್ಣೀರೆರಚಿದ? ಪ್ಲೇಟೋ ಬರೆದ ಸಂವಾದವೊಂದರಲ್ಲಿ ಸಾಕ್ರೆಟಿಸ್ ಲಾಭಕೋರ ವಿನಿಮಯವನ್ನು ಆಡಿಕೊಳ್ಳಲು ಈ ಚಿನ್ನ–ಕಂಚನ್ನೇ ನೆನೆಯುತ್ತಾನೆ. ಅರಿಸ್ಟಾಟಲ್ ಮಾತ್ರ ಗ್ಲಾಕಸನಿಗೆ ಅನ್ಯಾಯವಾಗಲಿಲ್ಲ ಎಂದ. ಕೊಡುವುದು ಬಿಡುವುದು ಅವನ ಕೈಯಲ್ಲೇ ಇತ್ತಲ್ಲ. ಕವಿ ತಮಾಷೆ ಮಾಡುತ್ತಿದ್ದಾನೆ ಎಂದವರುಂಟು. ಗ್ಲಾಕಸ್ ಉಡುಗೊರೆಯ ನೆಪದಲ್ಲಿ ಸೋಲೊಪ್ಪಿಕೊಂಡ ಎಂದವರೂ ಉಂಟು. ಬಾಳನ್ನೇ ಎಲೆಯಷ್ಟು ಹಗುರವೆಂದು ಕಂಡವನಿಗೆ ಚಿನ್ನ ಏನು ಮಹಾ ಎಂದು ನನಗನ್ನಿಸಿದ್ದೂ ಇದೆ.

ಅದಕ್ಕಿಂತ ಬೆರಗಿನ ಸಂಗತಿ 19ನೇ ಸರ್ಗದಲ್ಲಿದೆ. ತನ್ನದೇ ಕಡೆಯ ವೀರ ಅಕಿಲೀಸನಿಂದ ಅವನ ಸೆರೆಯಾಳು ಬ್ರಿಸೇಯಿಸಳನ್ನು ಕಸಿದು ಇಡೀ ಸೇನೆಗೆ ಕೇಡು ತಂದ ಗ್ರೀಕರ ದಂಡನಾಯಕ ಅಗಮೆಮ್ನಾನನೂ ಇದನ್ನೇ ಹೇಳುತ್ತಾನೆ: ಝ್ಯೂಸ್ ನನ್ನ ಬುದ್ಧಿ ಕಿತ್ತುಕೊಂಡ. ಕಸಿದವನಿಗೂ ದೇವರೇ ಕಾರಣ, ಕೊಟ್ಟವನಿಗೂ ದೇವರೇ ಕಾರಣ. ಆದರೆ ಅಗಮೆಮ್ನಾನ್ ಆ ಸಮಜಾಯಿಷಿಯನ್ನು ತಾನೇ ಕೊಟ್ಟುಕೊಂಡ. ಗ್ಲಾಕಸ್ ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಸಮಜಾಯಿಷಿ ಬೇಕಾದದ್ದು ಕವಿಗೆ. ಮನುಷ್ಯನ ಸಿಟ್ಟನ್ನು ಎಳೆಎಳೆಯಾಗಿ ಬಿಡಿಸಬಲ್ಲ ಹೋಮರನಿಗೂ ಲೆಕ್ಕವಿಡದೆ ಕೊಡುವ ಒಂದು ಕೈಯನ್ನು ವಿವರಿಸಲು ದೇವರನ್ನು ಕರೆಯಬೇಕಾಯಿತು.